ಪ್ರಾಣವಾಯುವೂ ಶಿಶುನೇತ್ರವೂ

ಆಯುರ್ವೇದದ ಅಷ್ಟಾಂಗಗಳಲ್ಲಿ ಕೌಮಾರಭೃತ್ಯವೂ ಶಾಲಾಕ್ಯವೂ ಸೇರಿವೆಯೆಂಬುದು ವಾಚಕರಿಗೆ ತಿಳಿದ ವಿಷಯವೇ. ಮೊದಲನೆಯದು ಶಿಶುಗಳ ಪೋಷಣೆಯನ್ನೂ ಅವುಗಳ ರೋಗಗಳನ್ನೂ ಕುರಿತದ್ದು. ಎರಡನೆಯದು ಕಣ್ಣು, ಕಿವಿ, ಮೂಗು ಮುಂತಾದ ಊರ್ಧ್ವಾಂಗಗಳನ್ನು ಕುರಿತದ್ದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ೭೬ ನೇತ್ರರೋಗಗಳು ಎಣಿಸಲ್ಪಟ್ಟಿವೆ. ಎಳೆಯ ಕೂಸುಗಳಿಗೆ ಬರುವ ಕುಕೂಣಕವೆಂಬ ರೋಗವೂ ಅಲ್ಲಿ ಉಕ್ತವಾಗಿದೆ. ಆದರೆ ಇಲ್ಲಿ ವಿವರಿಸತಕ್ಕ ರೋಗವು ಸುಶ್ರುತನ ಎಣಿಕೆಯಲ್ಲಿಲ್ಲ, ಗ್ರೀಕರ ಗ್ರಂಥಗಳಲ್ಲಿಲ್ಲ, ಹತ್ತೊಂಬತ್ತನೆಯ ಶತಮಾನದ ಐರೋಪ್ಯ ನೇತ್ರವೈದ್ಯರ ಪುಸ್ತಕಗಳಲ್ಲಿಯೂ ಇಲ್ಲ. ಇದು ಪ್ರಾಚೀನರ ಅನವಧಾನದಿಂದಾದ ಲೋಪವಲ್ಲ. ಈ ರೋಗಕ್ಕೆ ತುತ್ತಾಗತಕ್ಕ ಶಿಶುಗಳು ಆ ಕಾಲಗಳಲ್ಲಿ ಬದುಕಿ ಉಳಿಯುವುದೇ ಅಪೂರ್ವವಾಗಿದ್ದಿತು. ಮನುಷ್ಯನು ಅವುಗಳನ್ನು ಬದುಕಿಸುವ ವಿದ್ಯೆಯನ್ನು ಕಲಿತನು. ಆ ವಿದ್ಯೆಯ ಬೆನ್ನಿನಲ್ಲಿಯೇ ಈ ಅಂಧತ್ವವು ಬಂದಿತು.

ದಿನ ತುಂಬದೆ ಏಳನೆಯ ತಿಂಗಳಿಗೋ ಅದಕ್ಕೂ ಮುಂಚೆಯೋ ಹುಟ್ಟಿದ ಕೂಸನ್ನು ಹಿಂದಿನ ಮನೆಗಳಲ್ಲಿ ಹತ್ತಿಯಲ್ಲಿ ಸುತ್ತಿ ಬೆಚ್ಚಗಿರಿಸಿ, ಬತ್ತಿಯಿಂದ ತುಟಿಗೆ ಹಾಲನ್ನು ತೊಟ್ಟಿಕ್ಕಿಸಿ, ಉಳಿದುದನ್ನು ದೇವರ ಮೇಲೆ ಹಾಕುತ್ತಿದ್ದರು. ಅಂತಹ ಕೂಸಿನ ಶ್ವಾಸಕೋಶಗಳು ಬಲಿತಿರುವುದಿಲ್ಲ. ಮೈಯಲ್ಲಿ ಕಾವು ನಿಲ್ಲುವುದಿಲ್ಲ. ಕಣ್ಣಿನ ವಿಷಯವನ್ನು ಮಾತ್ರ ಯಾರೂ ಆಲೋಚಿಸಿರಲಿಲ್ಲ. ಕಣ್ಣಿನ ಹಿಂಬದಿಯ ಒಳಗೋಡೆಗೆ ಹತ್ತಿಕೊಂಡು, ಬೆಳಕನ್ನು ಗ್ರಹಿಸುವ ತೆಳ್ಳನೆಯ ಪರದೆಗೆ ಅಕ್ಷಿಪಟಲವೆಂದು ಹೆಸರು. ಗರ್ಭದ ನಾಲ್ಕನೆಯ ತಿಂಗಳಿನವರೆಗೆ ಅದರಲ್ಲಿ ರಕ್ತನಾಳಗಳೇ ಇರುವುದಿಲ್ಲ. ಆಮೇಲೆ ನೇತ್ರನರವು ಕಣ್ಣನ್ನು ಸೇರುವ ಎಡೆಯಿಂದ ನಾಳಗಳು ಚಿಗುರಿ, ಚಪ್ಪರಕ್ಕೆ ಹಬ್ಬುವ ಬಳ್ಳಿಯ ಕುಡಿಗಳಂತೆ, ಅಂಚಿನ ಕಡೆಗೆ ಮೆಲ್ಲನೆ ಹರಡುತ್ತವೆ. ಮೂಗಿನ ಕಡೆಯ ಅಂಚನ್ನು ಅವು ಎಂಟನೆಯ ತಿಂಗಳ ಸುಮಾರಿಗೂ, ಕಣತಲೆಯ ಕಡೆಯ ಅಂಚನ್ನು ದಿನ ತುಂಬುವ ಹೊತ್ತಿಗೂ ಮುಟ್ಟುತ್ತವೆ. ಆದುದರಿಂದ ಅಕಾಲದಲ್ಲಿ ಹುಟ್ಟಿದ ಶಿಶುವಿನ ಅಕ್ಷಿಪಟಲವು ಅರ್ಧ ಹಬ್ಬಿದ ಚಪ್ಪರವಿದ್ದಂತೆ. ಉಳಿದ ಅರ್ಧದ ಬೆಳವಣಿಗೆಯು ಗರ್ಭದ ಕತ್ತಲೆಯಲ್ಲಿ, ಅಲ್ಲಿಯ ಅಲ್ಪವಾದ ಆಮ್ಲಜನಕದಲ್ಲಿ ನಡೆಯಬೇಕಾಗಿದ್ದುದು, ಹೊರಗಿನ ಗಾಳಿಯಲ್ಲಿ ನಡೆಯಬೇಕಾಗುತ್ತದೆ.

೧೮೮೦ರ ಸುಮಾರಿನಲ್ಲಿ ಪ್ಯಾರಿಸ್ ನಗರದ ಪ್ರಸೂತಿವೈದ್ಯರಾದ ಸ್ಟೆಫಾನ್ ತಾರ್ನಿಯೇ ಎಂಬವರು, ಕೋಳಿಯ ಮೊಟ್ಟೆಗಳನ್ನು ಮರಿಮಾಡಿಸುವ ಪೆಟ್ಟಿಗೆಯನ್ನು ಒಂದು ಪ್ರಾಣಿಸಂಗ್ರಹಾಲಯದಲ್ಲಿ ಕಂಡು, ಅದೇ ಮಾದರಿಯಲ್ಲಿ ಶಿಶುಗಳಿಗೆ ಕಾವುಪೆಟ್ಟಿಗೆಯನ್ನು ಮಾಡಿಸಿದರು. ಮುಂದಿನ ಅರವತ್ತು ವರ್ಷಗಳಲ್ಲಿ ಈ ಪೆಟ್ಟಿಗೆಯು ಸುಧಾರಿಸುತ್ತ ಹೋಯಿತು. ಷಿಕಾಗೋ ನಗರದಲ್ಲಿ ಜೂಲಿಯಸ್ ಹೆಸ್ ಎಂಬ ವೈದ್ಯರು ಅದಕ್ಕೆ ಆಮ್ಲಜನಕವನ್ನು ಹಾಯಿಸುವ ಏರ್ಪಾಡನ್ನು ಕೂಡಿಸಿದರು. ಅಕಾಲಜಾತ ಶಿಶುವಿನ ಉಸಿರಾಟವು ಸಮನಾಗಿರುವುದಿಲ್ಲ. ನಾಲ್ಕು ಉಸಿರು ಎಳೆದು ಸ್ವಲ್ಪ ಹೊತ್ತು ನಿಂತು ಮತ್ತೆ ತೊಡಗುತ್ತದೆ. ಆಮ್ಲಜನಕವನ್ನು ಹೆಚ್ಚಾಗಿ ಕೊಟ್ಟರೆ ಆ ಉಸಿರು ಸಮವಾಗುತ್ತದೆ, ನೀಲಿಗಟ್ಟಿದ ಮೈ ಕೆಂಪೇರುತ್ತದೆ. ಇದನ್ನು ಕಣ್ಣಾರೆ ಕಂಡ ವೈದ್ಯರು, ಬೇಕಾದಾಗ ಮಾತ್ರ ಕೊಡುತ್ತಿದ್ದುದನ್ನು ಬಿಟ್ಟು, ೧೯೪೦ರ ದಶಕದಲ್ಲಿ ಅಕಾಲಜಾತ ಶಿಶುಗಳಿಗೆಲ್ಲ ವಾರಗಟ್ಟಲೆ ಕೊಡಲು ಮೊದಲುಮಾಡಿದರು. ಸಾಧಾರಣ ಗಾಳಿಯಲ್ಲಿ ನೂರಕ್ಕೆ ೨೧ ಪಾಲು ಇರುವ ಆಮ್ಲಜನಕವು ಈ ಪೆಟ್ಟಿಗೆಗಳಲ್ಲಿ ನೂರಕ್ಕೆ ೬೦-೭೦ ಪಾಲಿನವರೆಗೆ ಇರುತ್ತಿದ್ದಿತು. ಪ್ರಾಣವಾಯುವೆಂದು ಹೆಸರಾದ ವಸ್ತುವು ಪ್ರಾಣಿಗೆ ಕೆಡುಕು ಮಾಡೀತೆಂದು ಸಂದೇಹಪಡಲು ಯಾರಿಗೂ ಕಾರಣ ಕಾಣಲಿಲ್ಲ.

೧೯೪೧ನೆಯ ಇಸವಿಯಲ್ಲಿ ಅಮೆರಿಕದ ಬಾಸ್ಟನ್ ನಗರದ ಶಿಶುವೈದ್ಯರಾದ ಸ್ಟೂವರ್ಟ್ ಕ್ಲಿಫರ್ಡ್ ಎಂಬವರು ಅಕಾಲದಲ್ಲಿ ಹುಟ್ಟಿ ಬದುಕಿದ ಒಂದು ಮಗುವನ್ನು ಪರೀಕ್ಷಿಸಿದಾಗ, ಅದರ ಕಣ್ಣುಗಳು ಯಾವುದನ್ನೂ ಹಿಡಿಯದೆ ಅತ್ತಿತ್ತ ಅಲೆಯುತ್ತಿರುವುದನ್ನೂ, ಪಾಪೆಯ ಹಿಂದೆ ಬೆಳ್ಳಗಿನ ತೆರೆಯೊಂದಿರುವುದನ್ನೂ ಗಮನಿಸಿದರು. ಕೆಲದಿನಗಳಲ್ಲಿಯೇ ಮತ್ತೊಂದು ಮಗುವಿನಲ್ಲಿ ಅದೇ ಲಕ್ಷಣ ಕಂಡಿತು. ಅದೇ ಊರಿನ ನೇತ್ರವೈದ್ಯರಾದ ಥಿಯೋಡೋರ್ ಟೆರಿ ಎಂಬವರು ಇಂತಹ ಮಕ್ಕಳನ್ನು ಒಂದೊಂದಾಗಿ ಹುಡುಕಿ ಪರೀಕ್ಷಿಸಿ, ೧೯೪೨ರಲ್ಲಿ ತಮ್ಮ ಮೊದಲ ಲೇಖನವನ್ನು ಪ್ರಕಟಿಸಿದರು. ಮಸೂರದ ಹಿಂದೆ ನಾರುನಾರಾದ ಊತಕವು ಬೆಳೆದಿರುವುದೇ ರೋಗವೆಂದು ಅವರು ತಿಳಿದರು. ಗ್ರೀಕ್ ಲ್ಯಾಟಿನ್ ಭಾಷೆಗಳಲ್ಲಿ ವಿದ್ವಾಂಸರಾಗಿದ್ದ ಹ್ಯಾರಿ ಮೆಸೆಂಜರ್ ಎಂಬ ನೇತ್ರವೈದ್ಯರು ಇದಕ್ಕೆ ‘ರೆಟ್ರೋಲೆಂಟಲ್ ಫೈಬ್ರೋಪ್ಲೇಸಿಯ’ ಎಂಬ ಹೆಸರನ್ನು ಕಟ್ಟಿಕೊಟ್ಟರು. ಮಸೂರದ ಹಿಂಬದಿಯ ನಾರುಬೆಳವಣಿಗೆ ಎಂದು ಅದರ ಅರ್ಥ. ಹೆಸರು ಸೊಗಸಾಗಿಯೇ ಇದ್ದಿತು. ಆದರೆ ಅದು ಕಾಳ್ಗಿಚ್ಚಿಗೆ ಬೂದಿಯೆಂದು ಹೆಸರಿಟ್ಟಂತೆ, ರೋಗದ ಕೊನೆಯ ಅವಸ್ಥೆಯನ್ನು ಮಾತ್ರ ಹೇಳುತ್ತಿದ್ದಿತು. ನಾರಿನಂತೆ ಕಂಡುದು ಬೇರೇನೂ ಅಲ್ಲ. ತನ್ನ ಸ್ಥಾನದಿಂದ ಕಿತ್ತು ಬಂದು ಸುರುಳಿಗಟ್ಟಿ ನಿಂತ ಅಕ್ಷಿಪಟಲವೇ ಅದು. ಟೆರಿಯವರು ರೋಗದ ಕಾರಣವನ್ನು ಕಾಣದೆಯೇ ೧೯೪೬ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ರೋಗವು ಹಬ್ಬಿತು. ೧೯೪೧ರಿಂದ ೧೯೫೩ರವರೆಗಿನ ಹನ್ನೆರಡು ವರ್ಷಗಳಲ್ಲಿ ಪ್ರಪಂಚದಲ್ಲಿ ಸುಮಾರು ೧೦,೦೦೦ ಮಕ್ಕಳು ಇದರಿಂದ ಕುರುಡಾದರೆಂದು ಗಣಿಸಿದ್ದಾರೆ. ಅವರಲ್ಲಿ ಹೆಚ್ಚಿನವರು ಅಮೆರಿಕದವರು. ೧೯೫೦ರಲ್ಲಿ ಆರು ವಾರ ಮುಂಚಿತವಾಗಿ ಹುಟ್ಟಿ, ಮುಂದೆ ಜಗತ್ಪ್ರಸಿದ್ಧ ಗಾಯಕರಾದ ಸ್ಟೀವಿ ವಂಡರ್ ಅವರೂ ಈ ಮಕ್ಕಳಲ್ಲಿ ಒಬ್ಬರು. ಇದರಲ್ಲಿ ಒಂದು ವೈಚಿತ್ರ್ಯವಿದ್ದಿತು. ಸಾಧಾರಣವಾಗಿ ರೋಗಗಳು ಬಡವರ ಕೇರಿಗಳಲ್ಲಿ ಹೆಚ್ಚು, ಉಳ್ಳವರ ಮನೆಗಳಲ್ಲಿ ಕಡಮೆ. ಈ ರೋಗವಾದರೋ ಹಣವೂ ಯಂತ್ರಸಾಮಗ್ರಿಯೂ ನುರಿತ ದಾದಿಯರೂ ಇರುವ ಉತ್ತಮವಾದ ಆಸ್ಪತ್ರೆಗಳಲ್ಲಿಯೇ ಮನೆಮಾಡಿತು. ಹಳೆಯ ಸಲಕರಣೆಗಳ ಸಾಮಾನ್ಯ ಆಸ್ಪತ್ರೆಗಳಲ್ಲಿ ಅಪರೂಪವಾಗಿದ್ದಿತು. ಬ್ರಿಟನ್ನಿನಲ್ಲಿ ೧೯೪೮ರಲ್ಲಿ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಯು ಏರ್ಪಟ್ಟು ಆಸ್ಪತ್ರೆಗಳಿಗೆ ಹೊಸ ಪೆಟ್ಟಿಗೆಗಳು ಬಂದ ಮೇಲೆ, ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಮೇರಿ ಕ್ರಾಸ್ ಎಂಬ ವೈದ್ಯೆಯು ಈ ರೋಗವು ಏರುವುದನ್ನು ಕಂಡರು. ವೈದ್ಯರು ಶಂಕಿಸಿದ ಕಾರಣಗಳಿಗೆ ಮಿತಿಯಿರಲಿಲ್ಲ: ದೀಪದ ಬೆಳಕು, ತಾಯಿಯ ಜ್ವರ, ಹಸುವಿನ ಹಾಲು, ಕಬ್ಬಿಣದ ಔಷಧ, ಜೀವಸತ್ತ್ವಗಳ ಕೊರತೆ, ಅವುಗಳ ಅತಿರೇಕ. ಐವತ್ತಕ್ಕೂ ಮೀರಿದ ಊಹೆಗಳು ಹುಟ್ಟಿದವು. ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಓವೆನ್ಸ್ ದಂಪತಿಗಳು, ಹುಟ್ಟುವಾಗ ಮಗುವಿನ ಕಣ್ಣು ಸರಿಯಾಗಿಯೇ ಇದ್ದು ರೋಗವು ಹುಟ್ಟಿದ ಮೇಲೆ ತೊಡಗುತ್ತದೆಂದು ಸಿದ್ಧಪಡಿಸಿದುದು ಈ ಕತ್ತಲೆಯಲ್ಲಿ ಕಂಡ ಮೊದಲ ಬೆಳಕು. ದೋಷವಿರುವುದು ಗರ್ಭದಲ್ಲಿ ಅಲ್ಲ, ಆಸ್ಪತ್ರೆಯಲ್ಲಿ ಎಂಬ ಅರ್ಥವು ಅದರಲ್ಲಿ ಅಡಗಿದ್ದಿತು.

ಇಲ್ಲಿ ನ್ಯೂಯಾರ್ಕ್ ನಗರದ ಶಿಶುಚಿಕಿತ್ಸಾಲಯವೊಂದರಲ್ಲಿ ನಡೆದ ಸಂಗತಿಯನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಆಗತಾನೇ ಪ್ರಚಾರಕ್ಕೆ ಬಂದಿದ್ದ ಎ.ಸಿ.ಟಿ.ಎಚ್. ಎಂಬ ಗ್ರಂಥಿರಸವನ್ನು ಅಲ್ಲಿಯ ವೈದ್ಯರು ಈ ರೋಗದ ಆರಂಭದ ಲಕ್ಷಣಗಳಿದ್ದ ಶಿಶುಗಳಿಗೆ ಕೊಟ್ಟುನೋಡಿದರು. ೩೧ ಶಿಶುಗಳಲ್ಲಿ ೨೫ ಶಿಶುಗಳು ಒಳ್ಳೆಯ ದೃಷ್ಟಿಯಿಂದ ಮನೆಗೆ ಹೋದುವು. ಇಂತಹ ಫಲವನ್ನು ಕಂಡ ಬಳಿಕ ಯಾರು ತಾನೆ ಔಷಧವನ್ನು ಕೊಂಡಾಡದೆ ಇದ್ದಾರು? ಆದರೆ ಆ ಚಿಕಿತ್ಸಾಲಯದ ವಿಲಿಯಂ ಸಿಲ್ವರ್‌ಮನ್ ಮತ್ತು ರಿಚರ್ಡ್ ಡೇ ಎಂಬ ವೈದ್ಯರಿಗೆ ಸಮಾಧಾನವಾಗಲಿಲ್ಲ. ಔಷಧವನ್ನು ಕೊಡದೆ ಇದ್ದಿದ್ದರೆ ಈ ಶಿಶುಗಳ ಗತಿ ಏನಾಗುತ್ತಿದ್ದಿತು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲವಷ್ಟೆ. ಅವರು ಬಿಳಿಯ ಗೋಲಿಗಳನ್ನೂ ನೀಲಿಯ ಗೋಲಿಗಳನ್ನೂ ಪೆಟ್ಟಿಗೆಯಲ್ಲಿ ಹಾಕಿ, ಕೈಗೆ ಬಂದ ಗೋಲಿಯ ಬಣ್ಣದ ಪ್ರಕಾರ ಕೆಲವರಿಗೆ ಔಷಧವನ್ನು ಕೊಟ್ಟು, ಕೆಲವರನ್ನು ಹಾಗೆಯೇ ಬಿಟ್ಟರು. ಫಲವು ವಿಪರೀತವಾಗಿ ಬಂದಿತು. ಔಷಧವನ್ನು ಪಡೆದವರಲ್ಲಿ ಮೂರನೆಯ ಒಂದು ಪಾಲು ಶಿಶುಗಳು ಕುರುಡಾದವು. ಪಡೆಯದವರಲ್ಲಿ ಐದನೆಯ ಒಂದು ಪಾಲು ಮಾತ್ರ. ಸತ್ತವರ ಸಂಖ್ಯೆಯೂ ಔಷಧದ ಗುಂಪಿನಲ್ಲಿಯೇ ಹೆಚ್ಚು. ಆರಂಭದ ಲಕ್ಷಣಗಳು ತೋರಿದ ಕಣ್ಣುಗಳಲ್ಲಿ ಬಹುಪಾಲು ತಾವಾಗಿಯೇ ಗುಣವಾಗುತ್ತವೆಂಬ ಸಂಗತಿ ಆಗ ತಿಳಿಯಬಂದಿತು. ಪ್ರಕೃತಿಯು ಮಾಡಿದ ಗುಣವನ್ನು ಔಷಧದ ಲೆಕ್ಕಕ್ಕೆ ಬರೆದುಕೊಂಡಂತಾಗಿದ್ದಿತು. ನೂರು ಮಂದಿ ಅನುಭವಿಗಳ ಪ್ರಶಂಸೆಗಿಂತ ಒಂದು ಪೆಟ್ಟಿಗೆ ಗೋಲಿಗಳು ಹೆಚ್ಚು ನಿಜವನ್ನು ಹೇಳಿದುವು ಎಂದರೆ ವೈದ್ಯರಿಗೆ ಅಗೌರವವನ್ನು ಮಾಡಿದಂತಾಗದು. ಆ ಗೋಲಿಗಳನ್ನು ತಂದವರೂ ವೈದ್ಯರೇ.

ಮುಖ್ಯವಾದ ಸುಳಿವು ಮಾತ್ರ ಅಮೆರಿಕದಿಂದ ಬಹುದೂರದ ಆಸ್ಟ್ರೇಲಿಯದಲ್ಲಿ ಸಿಕ್ಕಿತು. ಮೆಲ್ಬೋರ್ನ್ ನಗರದ ಶಿಶುವೈದ್ಯೆಯಾದ ಕೇಟ್ ಕ್ಯಾಂಪ್‌ಬೆಲ್ ಎಂಬವರು ಆ ಊರಿನ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಅಕಾಲಜಾತ ಶಿಶುಗಳನ್ನು ನೋಡಿಕೊಳ್ಳುತ್ತಿದ್ದರು. ಒಂದು ಕಡೆ ಆಮ್ಲಜನಕವನ್ನು ಧಾರಾಳವಾಗಿ ಕೊಡುತ್ತಿದ್ದರು. ಮತ್ತೊಂದು ಕಡೆ ಅದರ ಬೆಲೆಯನ್ನು ತಂದೆತಾಯಿಗಳೇ ತೆರಬೇಕಾಗಿದ್ದುದರಿಂದ, ಮಗು ನೀಲಿಗಟ್ಟಿದಾಗ ಮಾತ್ರ ಕೊಟ್ಟು ನಿಲ್ಲಿಸುತ್ತಿದ್ದರು. ವೈದ್ಯೆ ಒಬ್ಬರೇ, ಊರು ಒಂದೇ; ಆದರೆ ಕಣ್ಣುಗಳ ಗತಿ ಒಂದೇ ಆಗಿರಲಿಲ್ಲ. ೧೯೫೧ರಲ್ಲಿ ಅವರು ಪ್ರಕಟಿಸಿದ ಚಿಕ್ಕ ಲೇಖನದ ಪ್ರಕಾರ, ಆಮ್ಲಜನಕವನ್ನು ಧಾರಾಳವಾಗಿ ಪಡೆದ ಶಿಶುಗಳಲ್ಲಿ ನೂರಕ್ಕೆ ಸುಮಾರು ೧೯ ಶಿಶುಗಳಿಗೂ, ಮಿತವಾಗಿ ಪಡೆದವುಗಳಲ್ಲಿ ನೂರಕ್ಕೆ ಸುಮಾರು ೭ ಶಿಶುಗಳಿಗೂ ರೋಗವು ಬಂದಿದ್ದಿತು. ಇದು ಗೋಲಿಗಳನ್ನು ಎತ್ತಿ ಮಾಡಿದ ಪರೀಕ್ಷೆಯಲ್ಲ; ಎರಡು ಕಡೆಯ ಶಿಶುಗಳೂ ಎಲ್ಲ ವಿಧದಲ್ಲಿಯೂ ಸಮಾನರೆಂದು ಹೇಳುವಂತಿರಲಿಲ್ಲ. ಕ್ಯಾಂಪ್‌ಬೆಲ್ ಅವರು ಇದನ್ನು ಬಲ್ಲವರಾದುದರಿಂದ, ಆಮ್ಲಜನಕವು ಕಾರಣವಾಗಿರಬಹುದು ಎಂದಷ್ಟೇ ತಮ್ಮ ಲೇಖನದ ಶೀರ್ಷಿಕೆಯಲ್ಲಿ ಸೂಚಿಸಿದರು. ಬಡತನದ ದೆಸೆಯಿಂದ ಆಮ್ಲಜನಕವು ದೊರೆಯದ ಮಗುವಿಗೆ ದೃಷ್ಟಿ ಉಳಿಯಿತು, ಅನುಕೂಲದ ದೆಸೆಯಿಂದ ದೊರೆತ ಮಗುವಿಗೆ ಹೋಯಿತು ಎಂಬುದನ್ನು ಓದುವಾಗ ಯಾರಿಗಾದರೂ ಮನಸ್ಸು ಒಂದು ಕ್ಷಣ ಸ್ತಬ್ಧವಾಗುತ್ತದೆ. ಕ್ಯಾಂಪ್‌ಬೆಲ್ ಅವರಿಗೆ ೧೯೭೧ರಲ್ಲಿ ‘ಡೇಮ್’ ಎಂಬ ಬಿರುದು ಬಂದಿತು.

ಅದೇ ಕಾಲದಲ್ಲಿ ಅಮೆರಿಕದ ರಾಜಧಾನಿಯಾದ ವಾಷಿಂಗ್‌ಟನ್ ನಗರದ ಗ್ಯಾಲಿಂಜರ್ ಪೌರ ಆಸ್ಪತ್ರೆಯಲ್ಲಿ ಆರ್ನಾಲ್ ಪ್ಯಾಟ್ಸ್ ಎಂಬ ತರುಣ ನೇತ್ರವೈದ್ಯರಿಗೂ ಇದೇ ಶಂಕೆ ಹುಟ್ಟಿದ್ದಿತು. ಅದನ್ನು ಪರೀಕ್ಷಿಸಲು ಅವರು ಧನಸಹಾಯವನ್ನು ಕೇಳಿದಾಗ, ಆಮ್ಲಜನಕವನ್ನು ಕಡಮೆಮಾಡಿದರೆ ಶಿಶುಗಳು ಸಾಯಬಹುದು, ಇಲ್ಲವೆ ಮಿದುಳಿಗೆ ಊನ ಬರಬಹುದು ಎಂದು ಅಧಿಕಾರಿಗಳು ಹಿಂಜರಿದರು. ಆ ಹೆದರಿಕೆಯು ನಿರಾಧಾರವಾದುದಲ್ಲವೆಂಬುದು ಮುಂದೆ ತಿಳಿದುಬರುತ್ತದೆ. ಪ್ಯಾಟ್ಸ್ ಅವರು ತಮ್ಮ ಸಹೋದ್ಯೋಗಿಯಾದ ಲಿರಾಯ್ ಹೋಕ್ ಎಂಬವರೊಡನೆ ಪರೀಕ್ಷೆಯನ್ನು ತೊಡಗಿಯೇಬಿಟ್ಟರು. ಆಸ್ಪತ್ರೆಗೆ ಬಂದ ಅಕಾಲಜಾತ ಶಿಶುಗಳಲ್ಲಿ ಒಂದಕ್ಕೆ ನೂರಕ್ಕೆ ೬೫-೭೦ ಪಾಲಿನ ಆಮ್ಲಜನಕವನ್ನು ನಾಲ್ಕರಿಂದ ಏಳು ವಾರಗಳವರೆಗೂ, ಅದರ ಮುಂದಿನದಕ್ಕೆ ಅಗತ್ಯವಿದ್ದಾಗ ಮಾತ್ರ ನೂರಕ್ಕೆ ೪೦ ಪಾಲಿನೊಳಗೂ ಕೊಡುವುದೆಂದು ನಿಯಮವನ್ನು ಮಾಡಿದರು. ಹಗಲೆಲ್ಲ ನಿಯಮವು ಸರಿಯಾಗಿಯೇ ನಡೆಯಿತು. ರಾತ್ರಿಯಲ್ಲಿ ವೈದ್ಯರು ಮನೆಗೆ ಹೋದ ಮೇಲೆ ಕೆಲವರು ವಯಸ್ಸಾದ ದಾದಿಯರು, ಆಮ್ಲಜನಕವಿಲ್ಲದೆ ಮಲಗಿದ್ದ ಕೂಸುಗಳ ಪೆಟ್ಟಿಗೆಗಳಿಗೆ ಮೆಲ್ಲನೆ ಅದನ್ನು ತಿರುಗಿಸಿ ಬಿಡುತ್ತಿದ್ದರು.

ಆ ದಾದಿಯರನ್ನು ನಿಂದಿಸುವುದು ನ್ಯಾಯವಾಗಲಾರದು. ಅಂಗೈಯಗಲದ ಕೂಸುಗಳು ಉಸಿರಿಗಾಗಿ ಒದ್ದಾಡಿ ಕಣ್ಣೆದುರಿಗೇ ತಣ್ಣಗಾದುದನ್ನು ಅವರು ವರ್ಷಗಟ್ಟಲೆ ನೋಡಿದವರು. ಪೆಟ್ಟಿಗೆಯ ಪಕ್ಕದಲ್ಲಿಯೇ ಪ್ರಾಣವಾಯುವಿದೆ. ಯಾರೋ ತರುಣ ವೈದ್ಯನು ಲೆಕ್ಕ ಬರೆಯುವುದಕ್ಕೋಸ್ಕರ ಅದನ್ನು ತಡೆದಿದ್ದಾನೆ ಎಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಅವರು ಮಾಡಿದುದು ದಯೆಯ ಕೆಲಸವೇ. ಆದರೆ ಅವರ ಕೈಯಿಂದ ಆ ರಾತ್ರಿಗಳಲ್ಲಿ ಹೊರಟ ವಾಯುವು ಕೂಸುಗಳ ಕಣ್ಣಿಗೆ ಏನನ್ನು ಮಾಡುತ್ತಿದ್ದಿತೆಂಬುದು ದಯೆಯೊಂದರಿಂದಲೇ ಕಾಣತಕ್ಕ ವಿಷಯವಾಗಿರಲಿಲ್ಲ. ೧೯೫೨ರಲ್ಲಿ ಫಲಿತಾಂಶವು ಪ್ರಕಟವಾಯಿತು. ಹೆಚ್ಚು ಆಮ್ಲಜನಕವನ್ನು ಪಡೆದ ೨೮ ಶಿಶುಗಳಲ್ಲಿ ೭ ಶಿಶುಗಳಿಗೆ ಉಗ್ರವಾದ ರೋಗವು ಬಂದಿದ್ದಿತು. ಮಿತವಾಗಿ ಪಡೆದ ೩೭ ಶಿಶುಗಳಲ್ಲಿ ಒಂದಕ್ಕೂ ಬಂದಿರಲಿಲ್ಲ.

ಇಷ್ಟು ಅಲ್ಪಸಂಖ್ಯೆಯ ಆಧಾರದಿಂದ ಪ್ರಪಂಚದ ಆಸ್ಪತ್ರೆಗಳ ಪದ್ಧತಿಯು ಬದಲಾಗದು, ಬದಲಾಗಲೂ ಕೂಡದು. ಆದುದರಿಂದ ಅಮೆರಿಕದ ೧೮ ಆಸ್ಪತ್ರೆಗಳು ಒಟ್ಟುಗೂಡಿ, ಡೆಟ್ರಾಯಿಟ್ ನಗರದ ಎವರೆಟ್ ಕಿನ್ಸಿ ಎಂಬವರ ನೇತೃತ್ವದಲ್ಲಿ, ೧೯೫೩ನೆಯ ಇಸವಿ ಜುಲೈ ತಿಂಗಳಿನಿಂದ ಒಂದು ವರ್ಷಕಾಲ ದೊಡ್ಡ ಪರೀಕ್ಷೆಯನ್ನು ನಡಸಿದುವು. ೧,೫೦೦ ಗ್ರಾಂ ತೂಕವನ್ನು ಮೀರದ ೫೮೬ ಶಿಶುಗಳು ಅದರಲ್ಲಿ ಸೇರಿದ್ದವು. ಹಳೆಯ ಪದ್ಧತಿಯು ಕಣ್ಣಿಗೆ ಕೆಡುಕೆಂದು ಸಂಶಯವಿದ್ದುದರಿಂದ, ಮೊದಲ ಮೂರು ತಿಂಗಳಲ್ಲಿ ಮೂರರಲ್ಲಿ ಒಂದು ಪಾಲಿನ ಶಿಶುಗಳಿಗೆ ಮಾತ್ರ ಹೆಚ್ಚು ಆಮ್ಲಜನಕವನ್ನು ಕೊಟ್ಟರು. ಆಮೇಲೆ ಎಲ್ಲವಕ್ಕೂ ಮಿತವಾಗಿಯೇ ಕೊಟ್ಟರು. ೧೯೫೪ರ ಸೆಪ್ಟೆಂಬರಿನಲ್ಲಿ ಕಿನ್ಸಿಯವರು ಫಲವನ್ನು ವಿದ್ವತ್ಸಭೆಯ ಮುಂದಿಟ್ಟರು. ವಾಡಿಕೆಯ ಆಮ್ಲಜನಕವನ್ನು ನಿಲ್ಲಿಸಿದರೆ ಕುರುಡು ಮೂರನೆಯ ಒಂದು ಪಾಲಿಗೆ ಇಳಿಯುವುದೆಂದೂ, ಸಾವಿನ ಸಂಖ್ಯೆಯಲ್ಲಿ ಗಣನೀಯವಾದ ಅಂತರವಿಲ್ಲವೆಂದೂ ತಿಳಿಯಿತು. ಆಸ್ಪತ್ರೆಗಳು ಕೂಡಲೇ ಆಮ್ಲಜನಕಕ್ಕೆ ಕಡಿವಾಣ ಹಾಕಿದವು. ರೋಗವು ಕೆಲವೇ ವರ್ಷಗಳಲ್ಲಿ ಅಪರೂಪವಾಯಿತು. ೧೯೫೬ರಲ್ಲಿ ಪ್ಯಾಟ್ಸ್ ಮತ್ತು ಕಿನ್ಸಿಯವರಿಗೆ ಲಾಸ್ಕರ್ ಪ್ರಶಸ್ತಿಯು ಬಂದಿತು.

ಪ್ರಾಣವಾಯುವು ಕಣ್ಣನ್ನು ಕೆಡಿಸುವ ಬಗೆಯನ್ನು ಲಂಡನ್ನಿನ ನಾರ್ಮನ್ ಆಷ್ಟನ್ ಮತ್ತು ಅವರ ಸಂಗಡಿಗರು ಬೆಕ್ಕಿನ ಮರಿಗಳಲ್ಲಿ ತೋರಿಸಿದರು. ಬೆಕ್ಕಿನ ಮರಿಯು ಹುಟ್ಟುವಾಗ ಅದರ ಅಕ್ಷಿಪಟಲವೂ ಅರೆಬೆಳೆದಿರುತ್ತದೆ. ಹೆಚ್ಚು ಆಮ್ಲಜನಕದಲ್ಲಿ ಇರಿಸಿದ ಮರಿಗಳ ಕಣ್ಣಿನಲ್ಲಿ ಎಳೆಯ ನಾಳಗಳು ಮುದುಡಿ ಮುಚ್ಚಿಹೋದುವು. ಮತ್ತೆ ಸಾಧಾರಣ ಗಾಳಿಗೆ ತಂದಾಗ, ರಕ್ತವಿಲ್ಲದ ಪಟಲವು ಹಸಿದು ಕೂಗಿಕೊಂಡಿತೋ ಎಂಬಂತೆ, ಹೊಸ ನಾಳಗಳು ಕ್ರಮತಪ್ಪಿ ಸಿಕ್ಕುಸಿಕ್ಕಾಗಿ ಹುಟ್ಟಿಕೊಂಡವು. ಮಗುವಿನಲ್ಲಿ ಇಂತಹ ನಾಳಗಳೇ ಗಾಯದ ಕಲೆಯಂತೆ ಗಡುಸಾಗಿ ಅಕ್ಷಿಪಟಲವನ್ನು ಎಳೆದು ಕೀಳುತ್ತವೆ. ಹಸಿದ ಪಟಲವು ನಾಳಗಳನ್ನು ಕರೆಯಲು ಯಾವುದೋ ಒಂದು ದ್ರವ್ಯವನ್ನು ಸ್ರವಿಸುತ್ತಿರಬೇಕೆಂದು ಐಸಾಕ್ ಮೈಕೇಲ್ಸನ್ ಎಂಬವರು ೧೯೪೮ರಲ್ಲಿಯೇ ಊಹಿಸಿದ್ದರು. ನಾಲ್ವತ್ತು ವರ್ಷಗಳ ತರುವಾಯ, ೧೯೮೯ರಲ್ಲಿ ಪ್ರತ್ಯೇಕಿಸಲ್ಪಟ್ಟ ವಿ.ಇ.ಜಿ.ಎಫ್. ಎಂಬ ದ್ರವ್ಯವು ಆ ಊಹೆಗೆ ಸರಿಹೊಂದಿತು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಇದು ವೈದ್ಯಶಾಸ್ತ್ರದ ಅನೇಕ ವಿಜಯಗಳಲ್ಲಿ ಒಂದಾಗುತ್ತಿದ್ದಿತು. ಆದರೆ ೧೮ ಆಸ್ಪತ್ರೆಗಳ ಪರೀಕ್ಷೆಯಲ್ಲಿ ಒಂದು ಸಣ್ಣ ನಿಯಮವಿದ್ದಿತು. ಹುಟ್ಟಿ ೪೮ ಗಂಟೆಗಳು ಕಳೆದು ಬದುಕಿದ್ದ ಶಿಶುಗಳನ್ನು ಮಾತ್ರ ಅದರಲ್ಲಿ ಸೇರಿಸಿಕೊಂಡಿದ್ದರು. ಅಕಾಲಜಾತ ಶಿಶುಗಳಲ್ಲಿ ಸಾಯುವವು ಬಹುಮಟ್ಟಿಗೆ ಸಾಯುವುದು ಆ ಮೊದಲ ಎರಡು ದಿನಗಳಲ್ಲಿಯೇ. ಅವುಗಳಿಗೆ ಆಮ್ಲಜನಕವನ್ನು ತಡೆದರೆ ಏನಾಗುವುದೆಂಬುದನ್ನು ಆ ಪರೀಕ್ಷೆಯು ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರವು ಸಿಕ್ಕಿತೆಂದು ಲೋಕವು ಭಾವಿಸಿತು. ನೂರಕ್ಕೆ ೪೦ ಎಂಬ ಅಂಕೆಯು ಶಾಸ್ತ್ರವಾಕ್ಯದಂತೆ ಆಸ್ಪತ್ರೆಗಳಲ್ಲಿ ನೆಲಸಿತು. ಮಗು ನೀಲಿಗಟ್ಟಿದರೂ ಅದನ್ನು ಮೀರಿ ಆಮ್ಲಜನಕವನ್ನು ಕೊಡಲು ವೈದ್ಯರು ಅಳುಕಿದರು. ೧೯೬೦ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮೇರಿ ಎಲೆನ್ ಏವರಿ ಮತ್ತು ಎಲಾ ಓಪನ್‌ಹೈಮರ್ ಎಂಬ ವೈದ್ಯೆಯರು, ಶ್ವಾಸಕೋಶದ ವ್ಯಾಧಿಯಿಂದ ಸಾಯುವ ಅಕಾಲಜಾತ ಶಿಶುಗಳ ಸಂಖ್ಯೆಯು ಹೆಚ್ಚುತ್ತಿರುವುದನ್ನು ತೋರಿಸಿದರು. ೧೯೭೩ರಲ್ಲಿ ಬ್ರಿಟನ್ನಿನ ಕೆನೆತ್ ಕ್ರಾಸ್ ಎಂಬವರು ಲೆಕ್ಕ ಹಾಕಿ, ಒಂದು ಮಗುವಿನ ದೃಷ್ಟಿಯನ್ನು ಉಳಿಸಿದುದಕ್ಕೆ ಸುಮಾರು ೧೬ ಶಿಶುಗಳ ಪ್ರಾಣವು ಬೆಲೆಯಾಯಿತೆಂದು ಅಂದಾಜು ಮಾಡಿದರು. ಆ ಅಂಕೆಯನ್ನು ಕುರಿತು ವಾದಗಳು ನಡೆದಿವೆ. ಅರ್ಧಕ್ಕೆ ಇಳಿಸಿದರೂ ಅದು ಘೋರವಾದುದೇ. ಹಿಂದೆ ಹಿಂಜರಿದ ಅಧಿಕಾರಿಗಳೂ, ರಾತ್ರಿಯಲ್ಲಿ ವಾಯುವನ್ನು ತಿರುಗಿಸಿದ ದಾದಿಯರೂ ಹೆದರಿದುದು ಪೂರ್ತಿಯಾಗಿ ಸುಳ್ಳಾಗಿರಲಿಲ್ಲ. ಸಿಲ್ವರ್‌ಮನ್ ಅವರು ೧೯೮೦ರಲ್ಲಿ ಈ ಇತಿಹಾಸವನ್ನೆಲ್ಲ ಒಂದು ಪುಸ್ತಕವಾಗಿ ಬರೆದಾಗ ತಮ್ಮ ತಲೆಮಾರಿನ ತಪ್ಪುಗಳನ್ನು ಮುಚ್ಚಿಡಲಿಲ್ಲ. ವೈದ್ಯರಲ್ಲಿ ಇದು ವಿರಳವಾದ ಗುಣ.

ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯುವ ಉಪಾಯಗಳು ಬಂದ ಮೇಲೆ, ಪೆಟ್ಟಿಗೆಯ ಗಾಳಿಯನ್ನು ಅಳೆಯುವುದನ್ನು ಬಿಟ್ಟು ಮಗುವಿನ ರಕ್ತವನ್ನೇ ಅಳೆಯಲು ಸಾಧ್ಯವಾಯಿತು. ಆದರೆ ಇನ್ನೂ ಎಳೆಯ, ಇನ್ನೂ ಹಗುರವಾದ ಶಿಶುಗಳು ಬದುಕತೊಡಗಿದುದರಿಂದ ರೋಗವು ೧೯೭೦ರ ದಶಕದ ಕೊನೆಗೆ ಮತ್ತೆ ತಲೆಯೆತ್ತಿತು. ಹೆಸರು ಮಾತ್ರ ‘ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ’ ಎಂದು ಬದಲಾಯಿತು. ಈಗ ತಡೆಯುವುದರ ಜತೆಗೆ ಚಿಕಿತ್ಸೆಯೂ ಬೇಕಾಯಿತು. ಜಪಾನಿನ ತೆನ್ರಿ ಆಸ್ಪತ್ರೆಯ ನಾಗಾತ ಎಂಬ ವೈದ್ಯರು ೧೯೬೭ರಲ್ಲಿಯೇ ತೀಕ್ಷ್ಣವಾದ ಬೆಳಕಿನಿಂದ, ನಾಳಗಳು ಹಬ್ಬದ ಅಂಚನ್ನು ಸುಟ್ಟು ರೋಗವನ್ನು ನಿಲ್ಲಿಸಿದ್ದರು. ಹಸಿದ ಪಟಲವನ್ನೇ ನಾಶಮಾಡಿದರೆ ಅದು ನಾಳಗಳನ್ನು ಕರೆಯುವುದಿಲ್ಲವೆಂಬುದು ಇದರ ತತ್ತ್ವ. ಅಂಚನ್ನು ಕೊಟ್ಟು ನಡುವನ್ನು ಉಳಿಸಿಕೊಳ್ಳುವ ವ್ಯವಹಾರವಿದು. ಅಮೆರಿಕದ ೨೩ ಕೇಂದ್ರಗಳಲ್ಲಿ ೨೯೧ ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅತಿಶೈತ್ಯದಿಂದ ಅದೇ ಕೆಲಸವನ್ನು ಮಾಡಿದರು. ಎರಡು ಕಣ್ಣುಗಳೂ ಸಮನಾಗಿ ಕೆಟ್ಟಿದ್ದ ಶಿಶುವಿನ ಒಂದು ಕಣ್ಣಿಗೆ ಚಿಕಿತ್ಸೆಯನ್ನು ಮಾಡಿ, ಇನ್ನೊಂದನ್ನು ಹಾಗೆಯೇ ಬಿಟ್ಟರು. ೧೯೮೮ರಲ್ಲಿ ನೋಡುವಾಗ, ಚಿಕಿತ್ಸೆಯಿಲ್ಲದ ಕಣ್ಣುಗಳಲ್ಲಿ ನೂರಕ್ಕೆ ೪೩ ಕೆಟ್ಟಿದ್ದರೆ, ಚಿಕಿತ್ಸೆಯಾದುವುಗಳಲ್ಲಿ ನೂರಕ್ಕೆ ೨೨ ಮಾತ್ರ ಕೆಟ್ಟಿದ್ದವು. ಬಳಿಕ ಲೇಸರ್ ಕಿರಣವು ಶೈತ್ಯದ ಸ್ಥಾನವನ್ನು ಪಡೆಯಿತು, ೨೦೧೧ರಿಂದೀಚೆಗೆ ವಿ.ಇ.ಜಿ.ಎಫ್. ದ್ರವ್ಯವನ್ನೇ ಅಡಗಿಸುವ ಔಷಧಗಳನ್ನು ಕಣ್ಣಿನೊಳಕ್ಕೆ ಚುಚ್ಚುವ ಕ್ರಮವೂ ಬಳಕೆಗೆ ಬಂದಿದೆ. ಆದರೂ ಹಳೆಯ ಪ್ರಶ್ನೆಯು ಬಿಟ್ಟುಹೋಗಿಲ್ಲ. ೨೦೧೦ರಲ್ಲಿ ಪ್ರಕಟವಾದ, ೧,೩೧೬ ಶಿಶುಗಳ ಪರೀಕ್ಷೆಯೊಂದರಲ್ಲಿ, ರಕ್ತವು ಹೊರಬಲ್ಲ ಆಮ್ಲಜನಕದಲ್ಲಿ ನೂರಕ್ಕೆ ೮೫ರಿಂದ ೮೯ ಪಾಲು ಇರುವಂತೆ ನೋಡಿಕೊಂಡ ಗುಂಪನ್ನೂ, ೯೧ರಿಂದ ೯೫ ಪಾಲು ಇರುವಂತೆ ನೋಡಿಕೊಂಡ ಗುಂಪನ್ನೂ ಹೋಲಿಸಿದರು. ಕಡಮೆಯ ಗುಂಪಿನಲ್ಲಿ ಬದುಕಿದವರಲ್ಲಿ ಉಗ್ರವಾದ ನೇತ್ರರೋಗವು ನೂರಕ್ಕೆ ೮.೬, ಹೆಚ್ಚಿನ ಗುಂಪಿನಲ್ಲಿ ೧೭.೯. ಸಾವು ಮಾತ್ರ ಕಡಮೆಯ ಗುಂಪಿನಲ್ಲಿ ನೂರಕ್ಕೆ ೧೯.೯, ಹೆಚ್ಚಿನ ಗುಂಪಿನಲ್ಲಿ ೧೬.೨. ಇಂತಹ ಅಂಕೆಗಳನ್ನು ಕಂಡ ಬಳಿಕ ವೈದ್ಯರು ಸಾಮಾನ್ಯವಾಗಿ ಪ್ರಾಣದ ಕಡೆಗೆ ವಾಲಿ, ಕಣ್ಣನ್ನು ಕಾಲಕಾಲಕ್ಕೆ ಪರೀಕ್ಷಿಸಿ ಉಳಿಸಿಕೊಳ್ಳುವ ಮಾರ್ಗವನ್ನು ಹಿಡಿದಿದ್ದಾರೆ.

೧೯೯೦ರ ದಶಕದಿಂದೀಚೆಗೆ ಈ ರೋಗದ ಭಾರವು ಬಡ ಮತ್ತು ಮಧ್ಯಮ ದೇಶಗಳ ಮೇಲೆ ಬಿದ್ದಿದೆ. ಭಾರತದ ಜಿಲ್ಲೆ ಜಿಲ್ಲೆಗಳಲ್ಲಿಯೂ ನವಜಾತ ಶಿಶುಗಳ ವಿಶೇಷ ಘಟಕಗಳು ಏರ್ಪಟ್ಟು, ಹಿಂದೆ ಸಾಯುತ್ತಿದ್ದ ಕೂಸುಗಳು ಬದುಕುತ್ತಿವೆ. ಆದರೆ ಆಮ್ಲಜನಕವನ್ನು ಗಾಳಿಯೊಡನೆ ಬೆರೆಸಿ ಅಳೆದು ಕೊಡುವ ಸಾಧನಗಳು ಎಲ್ಲೆಡೆಯೂ ಇಲ್ಲ. ಅಮೆರಿಕದಲ್ಲಿ ೧,೫೦೦ ಗ್ರಾಂ ಒಳಗಿನ ಶಿಶುಗಳ ಕಣ್ಣನ್ನು ನೋಡಿದರೆ ಸಾಕೆಂದಿರುವಲ್ಲಿ, ಇಲ್ಲಿ ಅದಕ್ಕಿಂತ ದೊಡ್ಡ ಕೂಸುಗಳಿಗೂ ರೋಗವು ಬರುವುದರಿಂದ, ೨,೦೦೦ ಗ್ರಾಂ ಒಳಗಿನ ಅಥವಾ ೩೪ ವಾರ ತುಂಬದೆ ಹುಟ್ಟಿದ ಶಿಶುಗಳನ್ನೆಲ್ಲ ಹುಟ್ಟಿದ ೩೦ ದಿನಗಳೊಳಗಾಗಿ ಪರೀಕ್ಷಿಸಬೇಕೆಂದು ಗೊತ್ತುಮಾಡಿದ್ದಾರೆ. ತೀರ ಚಿಕ್ಕವನ್ನು ಇನ್ನೂ ಮುಂಚೆಯೇ ನೋಡಬೇಕು. ಹೇಳುವುದು ಸುಲಭ, ಅಕ್ಷಿಪಟಲದ ಅಂಚನ್ನು ನೋಡಬಲ್ಲ ತಜ್ಞರು ದೊಡ್ಡ ನಗರಗಳಲ್ಲಿ ಮಾತ್ರ ಇದ್ದಾರೆ. ಇಪ್ಪತ್ತು ದಿನದ ಬಾಣಂತಿಯು ಎರಡು ಸೇರು ತೂಗದ ಕೂಸನ್ನೆತ್ತಿಕೊಂಡು ಕಲಬುರಗಿಯ ಕಡೆಯಿಂದ ಬೆಂಗಳೂರಿಗೆ ಬರಲಾಗುತ್ತದೆಯೆ? ಬಂದರೂ, ನೋಡುವುದಕ್ಕೆ ನಿರ್ಮಲವಾಗಿರುವ ಈ ಕಣ್ಣಿಗೆ ಏನಾಗಿದೆಯೆಂದು ಮನೆಯ ಹಿರಿಯರು ಕೇಳದೆ ಬಿಡುತ್ತಾರೆಯೆ? ಹೊರಗಿನಿಂದ ಕಾಣುವ ಬಿಳಿಯ ತೆರೆಯು ತೋರುವ ಹೊತ್ತಿಗೆ ಕಾಲವು ಮೀರಿರುತ್ತದೆ.

ಈ ತೊಡಕಿಗೆ ಕರ್ಣಾಟಕದಲ್ಲಿಯೇ ಒಂದು ಉಪಾಯವು ಹುಟ್ಟಿತು. ೨೦೦೮ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರಾದ ಆನಂದ ವಿನೇಕರ್ ಅವರು ಮೊದಲುಮಾಡಿದ ‘ಕಿಡ್‌ರಾಪ್’ ಎಂಬ ಯೋಜನೆಯಲ್ಲಿ, ತಜ್ಞರ ಬದಲು ತರಬೇತಿ ಹೊಂದಿದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿ ಹೇರಿಕೊಂಡು, ಗೊತ್ತಾದ ವಾರದಲ್ಲಿ ಜಿಲ್ಲೆಯ ಆಸ್ಪತ್ರೆಗಳಿಗೆ ಹೋಗುತ್ತಾರೆ. ಮೊದಲು ದಕ್ಷಿಣದ ಕೆಲವು ಜಿಲ್ಲೆಗಳಲ್ಲಿ ತೊಡಗಿದ ಈ ಕಾರ್ಯವು ಸರ್ಕಾರದ ಸಹಯೋಗದಿಂದ ಉತ್ತರದ ಜಿಲ್ಲೆಗಳಿಗೂ ಹಬ್ಬಿತು. ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಪಾಪೆ ಅರಳುವಂತೆ ಕಣ್ಣಿಗೆ ಹನಿಯನ್ನು ಹಾಕಿ, ಕ್ಯಾಮೆರಾವನ್ನು ಕಣ್ಣಿನ ಮೇಲೆಯೇ ಮೆಲ್ಲನೆ ಇರಿಸಿ ಅಕ್ಷಿಪಟಲದ ಚಿತ್ರಗಳನ್ನು ತೆಗೆಯುತ್ತಾರೆ. ಚಿತ್ರಗಳು ಅಂತರ್ಜಾಲದ ಮೂಲಕ ಬೆಂಗಳೂರನ್ನು ಸೇರುತ್ತವೆ. ಅಲ್ಲಿಯ ವೈದ್ಯರು ತಮ್ಮ ಕೈಯಲ್ಲಿರುವ ಫೋನಿನಲ್ಲಿಯೇ ಅವನ್ನು ನೋಡಿ ಅಭಿಪ್ರಾಯವನ್ನು ತಿಳಿಸುತ್ತಾರೆ. ತಂತ್ರಜ್ಞರೂ ಸ್ಥಳದಲ್ಲಿಯೇ ಚಿತ್ರವನ್ನು ಓದಿ ಬಣ್ಣದ ಗುರುತನ್ನು ಹಾಕುವುದನ್ನು ಕಲಿತಿದ್ದಾರೆ. ಹಸುರಾದರೆ ಕಣ್ಣು ಬಲಿಯಿತೆಂದು ಅರ್ಥ. ಕಿತ್ತಳೆಯಾದರೆ ಮತ್ತೆ ತೋರಿಸಬೇಕು. ಕೆಂಪಾದರೆ ೪೮ರಿಂದ ೭೨ ಗಂಟೆಗಳೊಳಗೆ ಲೇಸರ್ ಚಿಕಿತ್ಸೆಯಾಗಬೇಕು. ಮೊಗಸಾಲೆಯ ಬೆಂಚಿನ ಮೇಲೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತ ತಾಯಿಗೆ ಅಕ್ಷಿಪಟಲದ ಹೆಸರು ತಿಳಿಯದೆ ಇರಬಹುದು. ಯಾವ ಬಣ್ಣ ಬಂದಿತೆಂದು ಮಾತ್ರ ಅವಳು ಕೇಳುತ್ತಾಳೆ.